ಮಾಮನ ಗೂಡು ಮತ್ತೆ ತಲೆ ಎತ್ತಿತು

ಉಡುಪಿ ಹತ್ತಿರದ ನಮ್ಮ ಕಟಪಾಡಿ ಮನೆಯ ಹಿಂದೆ ಒಂದು ಹಳೇ ಹಟ್ಟಿ ಇದೆ. ದನ ಕೊಟ್ಟ ಮೇಲೆ ಅಲ್ಲಿ ಉಳಿದದ್ದು ತೆಂಗಿನ ಸಿಪ್ಪೆ, ಒಡೆದ ಹಂಚು ಮತ್ತು ಮಾಮನ ಗೂಡು. ನಾಲ್ಕು ಕೆಂಪುಕಲ್ಲಿನ ಮೇಲೆ ಹದಿನಾಲ್ಕು ವರ್ಷ ಕೂತಿತ್ತು. ಅದರ ಅಡಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು.

ಗೂಡು ಅಂದರೆ ಪಿಕಪ್ ಗಾಡಿಯ ಹಿಂದೆ ಕೂರಿಸುವ ಒಂದು ದೊಡ್ಡ ಪೆಟ್ಟಿಗೆ. ಒಳಗೆ ಇಬ್ಬರು ಮಲಗುವಷ್ಟು ಮಂಚ, ಪುಟ್ಟ ಅಡುಗೆ ಕಟ್ಟೆ, ಒಂದು ಬೆಂಚು. ಗಾಡಿ ಓಡುವಾಗ ಮಾಡು, ಅಂದರೆ ಛಾವಣಿ, ತಗ್ಗಿರುತ್ತದೆ. ನಿಲ್ಲಿಸಿ ಒಳಗಿನಿಂದ ದೂಡಿದರೆ ಎರಡಡಿ ಮೇಲೇಳುತ್ತದೆ. ಮಡಚಿಕೊಂಡಿದ್ದ ಕ್ಯಾನ್ವಾಸ್ ಬಿಚ್ಚಿ ಸುತ್ತ ಗೋಡೆಯಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಪಾಪ್-ಅಪ್ ಟ್ರಕ್ ಕ್ಯಾಂಪರ್ ಅನ್ನುತ್ತಾರೆ, ಅಲ್ಲಿ ಇಂಥವು ತುಂಬಾ ಇವೆ. ಮಾಡು ತಗ್ಗಿದ್ದರೆ ಗಾಳಿ ಕಡಿಮೆ ಹಿಡಿಯುತ್ತದೆ, ತಿರುವಿನಲ್ಲಿ ಗಾಡಿ ಓಲಾಡುವುದೂ ಕಡಿಮೆ. ಆಗುಂಬೆಯ 14 ತಿರುವು ಹತ್ತಿದವರಿಗೆ ಅದರ ಬೆಲೆ ಗೊತ್ತು.

ಮಾಮ, ಅಂದರೆ ನನ್ನ ಸೋದರಮಾವ, ಬೈಕಂಪಾಡಿಯಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಕೆಲಸದಲ್ಲಿದ್ದರು. ಒಮ್ಮೆ ಕಾಪು ಬೀಚಿನಲ್ಲಿ, ಲೈಟ್‌ಹೌಸಿನ ಹತ್ತಿರ, ಯಾರೋ ವಿದೇಶಿ ದಂಪತಿ ನಿಲ್ಲಿಸಿದ್ದ ವ್ಯಾನಿನ ಮಾಡು ಮೇಲೇಳುವುದನ್ನು ನೋಡಿದರಂತೆ. ಮನೆಗೆ ಬಂದವರೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದರು. 1996ರಲ್ಲಿ ತಮ್ಮ ಟಾಟಾಮೊಬೈಲ್ ಪಿಕಪ್ಪಿಗೆ ತಾವೇ ಗೂಡು ಕಟ್ಟಿದರು. ಮಾಡನ್ನು ಎತ್ತಿಕೊಡುವ ಗ್ಯಾಸ್ ಶಾಕ್ ಗೀಕ್ ಏನೂ ಇಲ್ಲ. ಹಿಂದೆ ಒಂದು, ಮುಂದೆ ಒಂದು ಹಲಗೆ, ಪ್ರತಿ ಹಲಗೆಯ ನಡುವಿಗೆ ಒಂದು ಕೀಲು. ಮಡಚಿದರೆ ಮಾಡು ಕೆಳಗೆ, ನೆಟ್ಟಗಾದರೆ ಮಾಡು ಮೇಲೆ. ಅಷ್ಟೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಮಕ್ಕಳಿಗೆ ಸರಳ ಯಂತ್ರ ಅಂತ ಪಾಠ ಮಾಡುವಾಗಲೆಲ್ಲ ನನಗೆ ಆ ಹಲಗೆಗಳೇ ನೆನಪಾಗುತ್ತವೆ.

ಪಿಕಪ್ ಮಾರಿ ಎಷ್ಟೋ ಕಾಲವಾಯಿತು. ಮಾಮನಿಗೆ ಈಗ 76. ಹೋದ ಯುಗಾದಿಗೆ ನನ್ನನ್ನು ಕರೆದು, “ಗೂಡು ನೀನು ಇಟ್ಟುಕೊ, ಇಲ್ಲ ಗುಜರಿಗೆ ಕೊಡು” ಅಂದರು. ಅಳಿಯಕಟ್ಟಿನ ಮನೆ ನಮ್ಮದು, ಸೋದರಮಾವನ ವಸ್ತು ತಂಗಿಯ ಮಕ್ಕಳಿಗೆ ಬರುವುದು ಹೊಸತಲ್ಲ. ಆದರೆ ಗುಜರಿ ಅನ್ನುವ ಮಾತು ನನಗೆ ಸೇರಲಿಲ್ಲ. ಏಪ್ರಿಲಿನಲ್ಲಿ ಶಾಲೆಗೆ ರಜೆ ಸಿಕ್ಕಿದ ಮರುದಿನವೇ ಬಾಗಿಲು ತೆಗೆದೆ. ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆ ದಿನದ ಒಳಗೆ ಮುಗಿಸಬೇಕು ಅಂತ ಲೆಕ್ಕ ಹಾಕಿದ್ದೆ. ಆಮೇಲೆ ಮಳೆ.

ಒಳಗಿನ ವಾಸನೆ ಈಗಲೂ ಮೂಗಿನಲ್ಲಿದೆ. ಒದ್ದೆ ಗೋಣಿ, ಇಲಿ ಮತ್ತು ಹಳೇ ರೆಕ್ಸಿನ್ ಮೂರೂ ಸೇರಿದ ವಾಸನೆ. ನಾರಿನ ಹಾಸಿಗೆಯನ್ನು ಇಲಿ ಕೊರೆದು ಪುಡಿ ಮಾಡಿತ್ತು. ಮಾಡಿಗೆ ಅಂಟಿಸಿದ್ದ ಥರ್ಮೋಕೋಲ್ ಮುಟ್ಟಿದರೆ ಉದುರುತ್ತಿತ್ತು. ನೆಲದ ಪ್ಲೈವುಡ್ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿತ್ತು. ಕಾಲಿಟ್ಟರೆ ಕುಸಿಯಿತು. ಕೈಯಲ್ಲಿ ಕಿತ್ತರೆ ಪದರ ಪದರವಾಗಿ, ಪುಸ್ತಕದ ಹಾಳೆಯ ಹಾಗೆ ಬಂತು.

ಆದರೆ ಅದರ ಅಡಿಯಲ್ಲಿದ್ದ ಚೌಕಟ್ಟು ನೋಡಿ ನನಗೆ ನಂಬಲಿಕ್ಕಾಗಲಿಲ್ಲ. ಸುತ್ತಿಗೆಯಲ್ಲಿ ಬಡಿದರೆ ಟಣ್ ಅನ್ನುತ್ತಿತ್ತು. ಹೆಬ್ಬಲಸು. ನಮ್ಮ ಕಡೆ ದೋಣಿ ಕಟ್ಟಲು ಬಳಸುವ ಮರ. “ಮಲ್ಪೆಯಿಂದ ತಂದದ್ದು” ಅಂದರು ಮಾಮ, ಕುರ್ಚಿಯಲ್ಲಿ ಕೂತಲ್ಲಿಂದಲೇ. ದೋಣಿ ಕಟ್ಟುವವರಲ್ಲಿ ಉಳಿದ ತುಂಡುಗಳನ್ನು ಕೇಳಿ ತಂದು ಕೂಡಿಸಿದ್ದರಂತೆ. ಒಂದೊಂದು ಪಟ್ಟಿ ಒಂದೊಂದು ದಪ್ಪ ಯಾಕೆ ಅಂತ ನನಗೆ ಆಗ ಗೊತ್ತಾಯಿತು.

ಹಾಗಾಗಿ ನಾನೂ ಮಲ್ಪೆಗೇ ಹೋದೆ. ಬಂದರಿನ ಹತ್ತಿರ ಮರದ ದೋಣಿ ಕೆಲಸ ಮಾಡಿ ಹಣ್ಣಾದ ಆಚಾರ್ರೊಬ್ಬರು ಇದ್ದಾರೆ. ಈಗ ಕಬ್ಬಿಣದ ಬೋಟು, ಫೈಬರ್ ಬೋಟುಗಳೇ ಜಾಸ್ತಿ, ಅವರ ಕೈಗೆ ಮೊದಲಿನಷ್ಟು ಕೆಲಸ ಇಲ್ಲ. ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಭಾನುವಾರ ಬರ್ತೇನೆ ಟೀಚರೇ. ನೀವು ಪ್ಲೈ ಮಾತ್ರ ಒಳ್ಳೇದು ತಂದಿಡಿ” ಅಂದರು.

ಪ್ಲೈ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಇಲ್ಲಿ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಮರೈನ್ ಪ್ಲೈ. ನಿಜವಾದ ಮರೈನ್ ಪ್ಲೈಗೆ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) 710 ಅಂತ ಮುದ್ರೆ ಇರುತ್ತದೆ. ಅದು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಅಂಟು ಬಿಡಬಾರದು. ಅದಕ್ಕಿಂತ ಕೆಳಗಿನದು ಐಎಸ್ 303, ಅಡುಗೆಮನೆ ಕಪಾಟಿಗೆ ಸಾಕು, ಇಂಥ ನೆಲಕ್ಕೆ ಸಾಲದು. ನಾನು ಒಂದು ಅಂಗಡಿಯಲ್ಲಿ 12 ಎಂಎಂ ಮರೈನ್ ಅಂತ ಹೇಳಿಸಿಕೊಂಡು ಎರಡು ಹಾಳೆ ತಂದೆ. ಮುದ್ರೆಯೂ ಇತ್ತು. ಆದರೂ ಯಾಕೋ ಸಮಾಧಾನ ಆಗಲಿಲ್ಲ. ಮೂಲೆಯಿಂದ ಅಂಗೈಯಷ್ಟು ತುಂಡು ಕತ್ತರಿಸಿ ಹಳೇ ಪಾತ್ರೆಯಲ್ಲಿ ಹಾಕಿ ಹಿತ್ತಲಿನ ಒಲೆಯ ಮೇಲೆ ಇಟ್ಟೆ. ತೆಂಗಿನ ಮಡಲು (ಒಣಗರಿ), ಸಿಪ್ಪೆ ಬೇಕಾದಷ್ಟಿತ್ತು. ನಾಲ್ಕು ಗಂಟೆಯಾಗುವಾಗ ನೀರು ಕಂದು ಬಣ್ಣಕ್ಕೆ ತಿರುಗಿತು. ತುಂಡು ತೆಗೆದು ನೋಡಿದರೆ ಅಂಚಿನಲ್ಲಿ ಬಾಯಿ ಬಿಟ್ಟಿದೆ. ಉಗುರು ತೂರಿಸಿದರೆ ಪದರ ಎದ್ದುಬಂತು.

ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಮಾತು ಬೆಳೆಯಿತು, ಕೊನೆಗೆ ಅರ್ಧ ಹಣ ವಾಪಸ್ ಸಿಕ್ಕಿತು. ಎರಡನೇ ಸಲ ಮಂಗಳೂರಿನ ಬಂದರಿನ ಕಡೆ ಹೋಗಿ, ಮೊದಲು ಸ್ಯಾಂಪಲ್ ತುಂಡು ಕೇಳಿ ತಂದೆ. ಅದನ್ನು ಮೂರು ಹಗಲು ಕುದಿಸಿದೆ. ಅಮ್ಮ ಒಲೆಗೆ ಸಿಪ್ಪೆ ಒಟ್ಟುತ್ತಾ ಸಹಾಯ ಮಾಡಿದರು. ತುಂಡು ಗಟ್ಟಿಯಾಗಿ ಉಳಿಯಿತು. ಆಮೇಲೆ ಹಾಳೆ ತಂದದ್ದು.

ಆಚಾರ್ರು ಬಂದ ಭಾನುವಾರ ಮೊದಲು ನೋಡಿದ್ದು ಸ್ಕ್ರೂಗಳನ್ನು. ಗೂಡಿನ ಹೊರಮೈ ಅಲ್ಯೂಮಿನಿಯಂ. ಹಳೇ ಕಬ್ಬಿಣದ ಸ್ಕ್ರೂ ಇದ್ದಲ್ಲೆಲ್ಲ ಸುತ್ತ ಬಿಳಿ ಪುಡಿ ಎದ್ದು ತಗಡು ತೂತಾಗಿತ್ತು. ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ. ನಮ್ಮ ಪ್ರಯೋಗಾಲಯದ ಬ್ಯಾಟರಿಯೇ ಅದು. ಸಮುದ್ರದ ಗಾಳಿ ಇರುವಲ್ಲಿ ಅದು ನಿಲ್ಲದೆ ಕೆಲಸ ಮಾಡುತ್ತದೆ, ಸವೆಯುವುದು ಅಲ್ಯೂಮಿನಿಯಂ. ಇನ್ನೂರಕ್ಕೂ ಜಾಸ್ತಿ ಸ್ಕ್ರೂ ಬಿಚ್ಚಿದೆವು. ತಗಡಿಗೆ ತಗಡು ಸೇರುವಲ್ಲಿ ಅಲ್ಯೂಮಿನಿಯಂ ರಿವಿಟ್ ಹೊಡೆದೆವು. ಮರಕ್ಕೆ ಹಿಡಿಯಬೇಕಾದಲ್ಲಿ ಸ್ಟೇನ್‌ಲೆಸ್ ಸ್ಕ್ರೂ, ಅಡಿಗೆ ನೈಲಾನ್ ವಾಷರ್.

ಚೌಕಟ್ಟಿಗೆ ಮತ್ತು ನೆಲದ ಅಡಿಭಾಗಕ್ಕೆ ಗೇರೆಣ್ಣೆ ಕೊಟ್ಟೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ದೋಣಿಗೆ, ಮನೆಯ ಮಾಡಿನ ಪಕ್ಕಾಸಿಗೆ (ಮರದ ತೊಲೆಗಳಿಗೆ) ಹಿಂದಿನಿಂದಲೂ ಹಾಕುತ್ತಿದ್ದದ್ದು. ಗೆದ್ದಲು ಹತ್ತಿರ ಬರುವುದಿಲ್ಲ, ನೀರೂ ಬೇಗ ಇಳಿಯುವುದಿಲ್ಲ. ಆದರೆ ಕೈಗೆ ತಾಗಬಾರದು. ಗ್ಲೌಸ್ ಹಾಕಿದ್ದರೂ ನನ್ನ ಬಲ ಮಣಿಕಟ್ಟಿನ ಮೇಲೆ ಒಂದು ಗೆರೆ ಹರಿದಿತ್ತು. ಮರುದಿನ ಕೆಂಪು, ಮೂರನೇ ದಿನ ನೀರುಗುಳ್ಳೆ, ಹತ್ತು ದಿನ ಉರಿ. ಆ ಕಲೆ ಇನ್ನೂ ಇದೆ. ಯಾರಾದರೂ ಹಾಕುವುದಿದ್ದರೆ ಮೊಣಕೈವರೆಗೆ ಬಟ್ಟೆ ಸುತ್ತಿಕೊಳ್ಳಿ, ಮೊದಲೇ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಒಳಮೈಗೆ ಮಾತ್ರ ಬೇಡ, ಅದರ ವಾಸನೆಯಲ್ಲಿ ಮಲಗಲಿಕ್ಕಾಗದು.

ಇಷ್ಟರವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ನಾನು ಆಚಾರ್ರಿಗೆ ಕಾಯದೆ ಮುಂದುವರಿದೆ. ಒಂದು ಹನಿ ನೀರೂ ಒಳಗೆ ಬರಬಾರದು ಅನ್ನುವುದೇ ನನ್ನ ತಲೆಯಲ್ಲಿತ್ತು. ಕಂಡ ಸಂದಿಗೆಲ್ಲ ಸಿಲಿಕಾನ್ ತುಂಬಿದೆ. ನೆಲದ ಮೂಲೆಗಳಲ್ಲಿ ಇದ್ದ ಸಣ್ಣ ತೂತುಗಳನ್ನು ಮುಚ್ಚಿದೆ. ಸಿಲಿಂಡರ್ ಇಡುವ ಡಬ್ಬದ ಅಡಿಯಲ್ಲಿ ಎರಡಿಂಚಿನ ಒಂದು ತೂತಿತ್ತು. ಇಲಿ ಮಾಡಿದ್ದು ಅಂದುಕೊಂಡು ಹೊಸ ಪ್ಲೈ ಹಾಕುವಾಗ ಅದನ್ನೂ ಮುಚ್ಚಿಬಿಟ್ಟೆ. ಕ್ಯಾನ್ವಾಸಿನ ಬದಲು ಲಾರಿಗೆ ಹಾಕುವ ದಪ್ಪ ಪ್ಲಾಸ್ಟಿಕ್ ಟರ್ಪಾಲನ್ನೇ ರಿಕ್ಷಾ ಹುಡ್ ಹೊಲಿಯುವವರ ಕೈಯಲ್ಲಿ ಹೊಲಿಸಿ ಸುತ್ತ ಬಿಗಿದೆ.

ಮೇ ನಡುವಿನಲ್ಲಿ ಒಂದು ಸಂಜೆ ಗುಡುಗು ಮಳೆ ಬಂತು. ಪರೀಕ್ಷೆಗೆ ಇದೇ ಸಮಯ ಅಂತ ಮಗಳೂ ನಾನೂ ಅಂಗಳದಲ್ಲೇ ಗೂಡಿನೊಳಗೆ ಮಲಗಿದೆವು. ಸಣ್ಣ ಸಿಲಿಂಡರಿನಲ್ಲಿ ಮೂರು ಸಲ ಚಾ ಮಾಡಿದೆವು. ಮಳೆ ಮಾಡಿನ ಮೇಲೆ ಧೋ ಅಂತ ಸುರಿಯುತ್ತಿತ್ತು. ಒಳಗೆ ಒಂದು ಹನಿ ಇಲ್ಲ. ಎಷ್ಟು ಖುಷಿಯಾಗಿತ್ತು ಅಂದರೆ ನಿದ್ದೆಯೇ ಬರಲಿಲ್ಲ.

ಬೆಳಿಗ್ಗೆ ಐದು ಗಂಟೆಗೆ ಮಗಳು, “ಅಮ್ಮಾ, ಸೋರ್ತಾ ಉಂಟು” ಅಂತ ಎಬ್ಬಿಸಿದಳು. ಟಾರ್ಚ್ ಹಾಕಿದೆ. ತಗಡಿನ ಒಳಮೈಯಲ್ಲಿ ಸಾಲಾಗಿ ಹನಿ. ಟರ್ಪಾಲಿನಲ್ಲಿ ನೀರು ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಹಾಸಿಗೆ ಎತ್ತಿದರೆ ಅಡಿಯ ಹಲಗೆ ಒದ್ದೆ. ಹೊರಗೆ ಹೋಗಿ ನೋಡಿದರೆ ಮಳೆ ಯಾವಾಗಲೋ ನಿಂತಿದೆ. ಸೋರಿದ್ದು ಅಲ್ಲ, ಅದು ನಮ್ಮದೇ ಉಸಿರು. ಇಬ್ಬರು ಮಲಗಿದರೆ ರಾತ್ರಿಗೆ ಅರ್ಧ ಲೀಟರಿನಷ್ಟು ನೀರು ಉಸಿರಿನಲ್ಲಿ, ಬೆವರಿನಲ್ಲಿ ಹೊರಬರುತ್ತದೆ. ಗ್ಯಾಸ್ ಉರಿದರೂ ನೀರೇ. ಒಂದು ಕಿಲೋ ಗ್ಯಾಸಿಗೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ. ಅದೆಲ್ಲ ಹೊರಗೆ ಹೋಗಲು ನಾನು ದಾರಿಯನ್ನೇ ಇಟ್ಟಿರಲಿಲ್ಲ.

ಏಳು ಗಂಟೆಗೆ ಮಾಮ ಕೋಲು ಹಿಡಿದುಕೊಂಡು ಬಂದರು. ಒಳಗೆ ಬಗ್ಗಿ ನೋಡಿದರು. ನೀರಿನ ಬಗ್ಗೆ ಒಂದು ಮಾತೂ ಇಲ್ಲ. ಸಿಲಿಂಡರ್ ಡಬ್ಬದ ಮುಚ್ಚಳ ತೆಗೆದು ಕೇಳಿದರು, “ಇಲ್ಲಿದ್ದ ತೂತು ಎಲ್ಲಿ ಹೋಯಿತು ಮಾರಾಯ್ತಿ?”

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಇಪ್ಪತ್ತು ವರ್ಷದಿಂದ ನಾನು ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಮಾಮ ಓದಿದ್ದು ಏಳನೇ ಕ್ಲಾಸು. ಅವರು 1996ರಲ್ಲೇ ಗ್ಯಾಸ್ ಕೆಳಗಿನಿಂದ ಹೊರಗೆ ಹೋಗಲಿ ಅಂತ ಆ ತೂತು ಕೊರೆದಿದ್ದರು. ನಾನು ಅದನ್ನು ಮುಚ್ಚಿ, ಬಾಗಿಲು ಹಾಕಿ, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದೆ. ಕಾಲು ನಡುಗಿತು. ಹಾಗೆ ಪೂರಾ ಮುಚ್ಚಿದ ಜಾಗದಲ್ಲಿ ಒಲೆ ಉರಿಸುವುದೂ ಅಪಾಯವೇ, ಸೋರದಿದ್ದರೂ.

ಆಚಾರ್ರು ಬಂದು ಕೇಳಿಸಿಕೊಂಡರು. ಬೈಯಲಿಲ್ಲ. ತುಳುವಿನಲ್ಲಿ ಇಷ್ಟೇ ಹೇಳಿದರು: “ನೀರ್‌ಗ್ ಸಾದಿ ಕೊರೊಡು.” ನೀರಿಗೆ ದಾರಿ ಕೊಡಬೇಕು. ದೋಣಿಯ ಒಳಗಿನ ಅಡ್ಡಪಟ್ಟಿಗಳ ಬುಡದಲ್ಲಿ ಒಂದು ಸಣ್ಣ ಕಂಡಿ ಬಿಡುತ್ತಾರಂತೆ, ಒಳಗೆ ಬಂದ ನೀರು ಅಲ್ಲಲ್ಲೇ ನಿಲ್ಲದೆ ಒಂದು ಕಡೆ ಸೇರಲಿ ಅಂತ. ನಾನು ಮುಚ್ಚಿದ ಮೂಲೆಯ ತೂತುಗಳು ಅವೇ.

ಬಿಚ್ಚಿದೆವು. ಸಿಲಿಂಡರ್ ಡಬ್ಬದ ತೂತನ್ನು ಮಾಮನ ಎದುರೇ ಕೊರೆದು, ಇಲಿ ಬರದ ಹಾಗೆ ಸ್ಟೇನ್‌ಲೆಸ್ ಜಾಲರಿ ಹಾಕಿದೆವು. ಡಬ್ಬಕ್ಕೆ ಗೂಡಿನ ಒಳಗಿನಿಂದ ಒಂದು ಸಂದಿಯೂ ಇರಬಾರದು, ಅಡಿಯಲ್ಲಿ ಮಾತ್ರ ತೆರೆದಿರಬೇಕು. ಬಾಗಿಲಿನ ಕೆಳಗೊಂದು, ಮಾಡಿನ ತುದಿಯಲ್ಲೊಂದು ಗಾಳಿಕಂಡಿ ಬಂತು. ಟರ್ಪಾಲು ಈಗ ಸೌದೆ ಮುಚ್ಚಲು ಹೋಗಿದೆ. ಹತ್ತಿಯ ಕ್ಯಾನ್ವಾಸ್ ತಂದೆವು, ಮಾಮ ಮೊದಲು ಹಾಕಿದ್ದೂ ಅದೇ. ಒದ್ದೆಯಾದಾಗ ಅದರ ನೂಲು ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಉಸಿರಾಡುತ್ತದೆ. ಹುಡ್ ಹೊಲಿಯುವವರು ಎರಡನೇ ಸಲ ಹೊಲಿದುಕೊಟ್ಟರು, ಸೊಳ್ಳೆಪರದೆಯ ಎರಡು ಕಿಟಕಿ ಸೇರಿಸಿ. ತಗಡಿನ ಒಳಗೆ ಬೆಳ್ಳಿ ಬಣ್ಣದ ಫೋಮ್ ಶೀಟ್.

ಮಂಚದ ಹಲಗೆ ತೆಗೆದು ಅಡಿಕೆ ಮರದ ರೀಪು (ಉದ್ದ ಪಟ್ಟಿ) ಜೋಡಿಸಿದೆವು, ಎರಡರ ನಡುವೆ ಒಂದೂವರೆ ಇಂಚು ಬಿಟ್ಟು. ರೀಪಿನ ಒಳಮೈಯ ಸಿಬಿರು ಹೋಗುವವರೆಗೆ ನಾನೇ ಮರಳುಕಾಗದದಲ್ಲಿ ಉಜ್ಜಿದೆ, ನಾಲ್ಕು ದಿನ ಹಿಡಿಯಿತು. ಕೈಯಾಡಿಸಿದರೆ ಈಗ ನುಣ್ಣಗೆ, ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಇಡೀ ಗೂಡಿನಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಅದು. ಬೆಂಚಿಗೆ ರೆಕ್ಸಿನ್, ಎರಡು ಎಲ್‌ಇಡಿ, ಅಮ್ಮನ ಹಳೇ ಸೀರೆಯ ಪರದೆ, ಇವೆಲ್ಲ ಒಂದು ವಾರದಲ್ಲಿ ಮುಗಿಯಿತು.

ಪತ್ತನಾಜೆಯ ಹಿಂದಿನ ದಿನ ಮಾಮ ತಾವೇ ಒಳಗೆ ಹೋಗುತ್ತೇನೆ ಅಂದರು. ಬೇಡ ಅಂದರೂ ಕೇಳಲಿಲ್ಲ. ಕೋಲು ನನ್ನ ಕೈಗೆ ಕೊಟ್ಟು, ಬಗ್ಗಿ, ಹಿಂದಿನ ಹಲಗೆಗೆ ಎರಡೂ ಅಂಗೈ ಇಟ್ಟು ದೂಡಿದರು. ಮುಂದಿನದನ್ನು ನಾನು ದೂಡಿದೆ. ಕೀಲು ಕಟಕ್ ಅಂತ ನೆಟ್ಟಗಾಯಿತು. ಮಾಡು ಎದ್ದಿತು. ಹೊಸ ಕ್ಯಾನ್ವಾಸಿನಿಂದ ಬೆಳಕು ಹಳದಿಯಾಗಿ ಒಳಗೆ ಬಂತು. ಮಾಮ ನೆಟ್ಟಗೆ ನಿಂತು ಮಾಡಿನ ಪಟ್ಟಿಯಲ್ಲಿ ಏನೋ ತಡಕಾಡಿದರು. “ಲಾಟೀನು ನೇತುಹಾಕುವ ಕೊಕ್ಕೆ ಇತ್ತು ಇಲ್ಲಿ.” ನಾನು ಅದನ್ನು ತೆಗೆದು ಡಬ್ಬಿಯಲ್ಲಿ ಇಟ್ಟಿದ್ದೆ. ಆಗಲೇ ತಂದು ಅದೇ ತೂತಿಗೆ ತಿರುಗಿಸಿದೆ.

ಈಗ ಆಟಿಯ, ಅಂದರೆ ತುಳುವರ ಆಷಾಢದ ಮಳೆ. ಗೂಡನ್ನು ಹೊರಲು ಪಿಕಪ್ ಇನ್ನೂ ಸಿಕ್ಕಿಲ್ಲ, ಚೌತಿ ಕಳೆದ ಮೇಲೆ ನೋಡಬೇಕು. ಮೊದಲು ಮರವಂತೆಗೆ ಹೋಗುವುದು ಅಂತ ಮಗಳು ತೀರ್ಮಾನ ಮಾಡಿದ್ದಾಳೆ. ಅಷ್ಟರವರೆಗೆ ಒಳಗಿನ ತೇವ ನೋಡಲು ನಾಲ್ಕು ಮೂಲೆಗೆ ನಾಲ್ಕು ಬೆಂಕಿಪೊಟ್ಟಣ ಇಟ್ಟಿದ್ದೇನೆ. ಪ್ರತಿ ಭಾನುವಾರ ಹೊರಗೆ ತಂದು ಒಂದೊಂದು ಕಡ್ಡಿ ಗೀರುತ್ತೇನೆ. ಕಳೆದ ವಾರ ಮೂರು ಪೊಟ್ಟಣದ ಕಡ್ಡಿ ಮೊದಲ ಗೀರಿಗೇ ಹತ್ತಿದವು. ಮಂಚದ ಅಡಿಯ ಎಡಮೂಲೆಯದ್ದು ಮಾತ್ರ ಹತ್ತಲಿಲ್ಲ, ಮದ್ದು ಕರಗಿ ಬಂತು. ಆಚಾರ್ರಿಗೆ ಫೋನ್ ಮಾಡಿದ್ದೇನೆ. ಈ ಭಾನುವಾರ ಡ್ರಿಲ್ ತರುತ್ತಾರೆ.