ಇನಿಟ್‌ರ್ಯಾಮ್‌ಎಫ್‌ಎಸ್ ಇಲ್ಲದ ಕರ್ನಲ್: ಕೆಲಸ ಎಲ್ಲಿಗೆ ಬಂತು

ಕೈಯಲ್ಲಿರುವುದು ಇಂಟೆಲ್ ಟೈಗರ್ ಲೇಕ್ ಪ್ರೊಸೆಸರ್ ಇರುವ ಒಂದು ಲ್ಯಾಪ್‌ಟಾಪ್. ಅದಕ್ಕೆ ಲಿನಕ್ಸ್ 6.12 ಕರ್ನಲ್ (ಯಂತ್ರದ ಭಾಗಗಳನ್ನು ನಡೆಸುವ, ಆಪರೇಟಿಂಗ್ ಸಿಸ್ಟಂನ ತಿರುಳು) ಅನ್ನು ಪೂರ್ತಿ ನಾನೇ ಕಾನ್ಫಿಗರ್ ಮಾಡಬೇಕು ಅನ್ನುವುದು ಗುರಿ. ಇನಿಟ್‌ರ್ಯಾಮ್‌ಎಫ್‌ಎಸ್ (ಡಿಸ್ಕ್ ಸಿಗುವ ತನಕ ಮೆಮೊರಿಯಲ್ಲಿ ಬಳಸುವ ಪುಟ್ಟ ಫೈಲ್‌ಸಿಸ್ಟಂ) ಇರಬಾರದು. ಡಿಸ್ಕ್ ಹುಡುಕಿ ರೂಟ್ (ಸಿಸ್ಟಂನ ಮುಖ್ಯ ಫೈಲ್‌ಸಿಸ್ಟಂ) ಮೌಂಟ್ ಮಾಡುವ ತನಕ ಎಲ್ಲ ಕೆಲಸವನ್ನೂ ಕರ್ನಲ್ ಒಂದೇ ಮಾಡಬೇಕು. ಆಮೇಲೆ ವೈಫೈ, ಟಚ್‌ಪ್ಯಾಡ್, ಸೌಂಡ್, ಮುಚ್ಚಳ ಮುಚ್ಚಿದರೆ ಸ್ಲೀಪ್. ಡಿಸ್ಟ್ರೊ (ಸಿದ್ಧ ಲಿನಕ್ಸ್ ವಿತರಣೆ) ಜೊತೆ ಬರುವ ಕರ್ನಲ್‌ನಲ್ಲಿ ನಡೆಯುವುದೆಲ್ಲ ಇದರಲ್ಲೂ ನಡೆಯಬೇಕು.

ಬೂಟ್ ಬೇಗ ಆಗಲಿ ಅಂತ ಇದನ್ನು ಶುರು ಮಾಡಲಿಲ್ಲ. ಡಿಸ್ಟ್ರೊ ಕರ್ನಲ್ ಸಾವಿರಾರು ಮಾಡ್ಯೂಲ್‌ಗಳನ್ನು (ಬೇಕಾದಾಗ ಲೋಡ್ ಮಾಡಿಕೊಳ್ಳುವ ಡ್ರೈವರ್ ಫೈಲ್‌ಗಳು) ಹೊತ್ತು ಬರುತ್ತದೆ, ಬೇಕಾದ್ದು ತಾನಾಗಿ ಲೋಡ್ ಆಗುತ್ತದೆ. ಚೆನ್ನಾಗಿಯೇ ನಡೆಯುತ್ತದೆ. ಆದರೆ ನನ್ನ ಯಂತ್ರದ ಯಾವ ಭಾಗ ಯಾವ ಡ್ರೈವರ್‌ನಿಂದ ನಡೆಯುತ್ತಿದೆ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ನನಗೆ ಅದೇ ಬೇಕಿತ್ತು. 6.12 ಆರಿಸಿಕೊಂಡಿದ್ದಕ್ಕೆ ಕಾರಣ, 2024ರ ನವೆಂಬರ್‌ನಲ್ಲಿ ಬಂದ ಇದು ವರ್ಷಗಟ್ಟಲೆ ತಿದ್ದುಪಡಿ ಸಿಗುವ ಸರಣಿ. ನಡುವೆ ಆವೃತ್ತಿ ಬದಲಾಗಿ ಆಪ್ಷನ್‌ಗಳ ಹೆಸರು ಕದಲುವುದು ಬೇಡ ಅನ್ನಿಸಿತು.

ಮೊದಲು ಪಟ್ಟಿ

ಎಲ್ಲ ಸರಿಯಾಗಿ ನಡೆಯುತ್ತಿರುವ ಡಿಸ್ಟ್ರೊ ಕರ್ನಲ್‌ನಲ್ಲಿ ಕೂತೇ ಪಟ್ಟಿ ಮಾಡಿಕೊಂಡೆ. ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಎನ್‌ಎನ್‌ಕೆ ಅಂತ ಕೊಟ್ಟರೆ ಪ್ರತಿ ಪಿಸಿಐ (ಯಂತ್ರದೊಳಗಿನ ಸಾಧನಗಳನ್ನು ಜೋಡಿಸುವ ಬಸ್) ಸಾಧನದ ಗುರುತಿನ ಸಂಖ್ಯೆಯೂ ಈಗ ಅದನ್ನು ನಡೆಸುತ್ತಿರುವ ಡ್ರೈವರ್ ಹೆಸರೂ ಸಿಗುತ್ತವೆ. 8086 ಅಂತ ಶುರುವಾದರೆ ಇಂಟೆಲ್‌ದು. ಡ್ರೈವರ್ ಹೆಸರಿನಿಂದ ಕಾನ್ಫಿಗ್ ಆಪ್ಷನ್‌ಗೆ ಹೋಗುವುದಕ್ಕೆ ಕರ್ನಲ್ ಸೋರ್ಸ್‌ನ ಮೇಕ್‌ಫೈಲ್‌ಗಳೇ ಸಾಕು. ಅಲ್ಲಿ ಒಂದೊಂದು ಸಾಲೂ "ಈ ಆಪ್ಷನ್ ಇದ್ದರೆ ಈ ಫೈಲ್ ಕಂಪೈಲ್ ಮಾಡು" ಅನ್ನುವ ರೂಪದಲ್ಲಿದೆ. ಮಾಡ್ಯೂಲ್ ಹೆಸರು ಕೊಟ್ಟು ಗ್ರೆಪ್ ಮಾಡಿದರೆ (ಹುಡುಕಿದರೆ) ಆಪ್ಷನ್ ಕೈಗೆ ಬರುತ್ತದೆ.

ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ನೋಡಿ ತಾನೇ ಕಾನ್ಫಿಗ್ ಸಣ್ಣದು ಮಾಡಿಕೊಡುವ ಲೋಕಲ್‌ಮಾಡ್‌ಕಾನ್ಫಿಗ್ ಅನ್ನುವ ಮೇಕ್ ಟಾರ್ಗೆಟ್ ಕೂಡ ಇದೆ. ಒಳ್ಳೆಯ ಸಾಧನ. ಆದರೆ ಆ ಹೊತ್ತಿಗೆ ಲೋಡ್ ಆಗದೆ ಇದ್ದದ್ದನ್ನೆಲ್ಲ ಅದು ತೆಗೆದುಹಾಕುತ್ತದೆ. ಪೆನ್‌ಡ್ರೈವ್, ಯುಎಸ್‌ಬಿ ಕ್ಯಾಮೆರಾ, ಫೋನ್‌ನಿಂದ ಇಂಟರ್‌ನೆಟ್, ಎಕ್ಸ್‌ಫ್ಯಾಟ್, ಎಲ್ಲವನ್ನೂ ಒಮ್ಮೆ ಚುಚ್ಚಿ ಬಳಸಿದ ಮೇಲೆ ಓಡಿಸಿದರೆ ಮಾತ್ರ ಅದರ ಉತ್ತರ ಪೂರ್ತಿ. ನಾನು ಅದರ ಫಲಿತಾಂಶವನ್ನು ಬೇರೆ ಫೈಲ್‌ನಲ್ಲಿ ಇಟ್ಟುಕೊಂಡೆ, ಹೋಲಿಸಿ ನೋಡುವುದಕ್ಕೆ. ಶುರು ಮಾಡಿದ್ದು ಡೆಫ್‌ಕಾನ್ಫಿಗ್‌ನಿಂದ, ಅಂದರೆ ಕರ್ನಲ್ ಸೋರ್ಸ್ ಜೊತೆಗೇ ಬರುವ ಮೂಲ ಕಾನ್ಫಿಗ್‌ನಿಂದ. ಒಂದೊಂದನ್ನೂ ಕೈಯಾರೆ ಸೇರಿಸಿದರೆ ತಾನೇ ಅದು ಯಾಕೆ ಬೇಕು ಅಂತ ತಿಳಿಯುವುದು?

ಕಾನ್ಫಿಗ್ ಫೈಲ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿದೆ. ಒಂದು ಸಾಧನಕ್ಕೆ ಒಂದು ಕಮಿಟ್. ಲೋಕಲ್ ವರ್ಷನ್ ಅನ್ನುವ ಆಪ್ಷನ್‌ನಲ್ಲಿ ನನ್ನದೇ ಬಾಲ ಅಂಟಿಸಿದ್ದೇನೆ. ಅದರಿಂದ ಮಾಡ್ಯೂಲ್‌ಗಳು ಬೇರೆ ಡೈರೆಕ್ಟರಿಗೆ ಹೋಗುತ್ತವೆ, ಡಿಸ್ಟ್ರೊ ಕರ್ನಲ್‌ಗೆ ಏನೂ ತಾಕುವುದಿಲ್ಲ. ಬೂಟ್ ಮೆನುವಿನಲ್ಲಿ ಅದು ಯಾವಾಗಲೂ ಇದ್ದೇ ಇರುತ್ತದೆ.

ಡಿಸ್ಕ್

ಎಲ್ಲಕ್ಕಿಂತ ಮೊದಲು ಸ್ಕ್ರೀನ್‌ನಲ್ಲಿ ಅಕ್ಷರ ಕಾಣಬೇಕು. ಗ್ರಾಫಿಕ್ಸ್ ಡ್ರೈವರ್ ಐ915 ಮಾಡ್ಯೂಲ್ ಆಗಿ ಆಮೇಲೆ ಬರುತ್ತದೆ, ಹಾಗಾಗಿ ಬೂಟ್ ಶುರುವಿನ ಸಂದೇಶ ತೋರಿಸಲು ಬೇರೆ ಏನಾದರೂ ಬೇಕು. ಕರ್ನಲ್‌ಗೂ ಮೊದಲು ಓಡುವ ಯುಇಎಫ್‌ಐ ಬಿಟ್ಟುಹೋದ ಫ್ರೇಮ್‌ಬಫರ್ (ಸ್ಕ್ರೀನ್ ಚಿತ್ರ ಇರುವ ಮೆಮೊರಿ) ಅನ್ನೇ ಬಳಸುವ ಸಿಂಪಲ್‌ಡಿಆರ್‌ಎಂ ಮತ್ತು ಫ್ರೇಮ್‌ಬಫರ್ ಕನ್ಸೋಲ್, ಎರಡನ್ನೂ ಕರ್ನಲ್ ಒಳಗೇ ಹಾಕಿದೆ. ಇದಿಲ್ಲದೆ ಮುಂದಿನ ಕೆಲಸವೆಲ್ಲ ಕತ್ತಲಲ್ಲಿ ತಡಕಾಡಿದ ಹಾಗೆ.

ಎನ್‌ವಿಎಂಇ (ಎಸ್‌ಎಸ್‌ಡಿ) ಡ್ರೈವರ್, ಇಎಕ್ಸ್‌ಟಿ4 ಫೈಲ್‌ಸಿಸ್ಟಂ, ಜಿಪಿಟಿ ಪಾರ್ಟಿಷನ್ ಬೆಂಬಲ, ಈ ಮೂರನ್ನೂ ಒಳಗೇ ಸೇರಿಸಿ ಬೂಟ್ ಮಾಡಿದಾಗ ಬಂದದ್ದು ಎಲ್ಲರಿಗೂ ಗೊತ್ತಿರುವ ಆ ಪ್ಯಾನಿಕ್ (ಕರ್ನಲ್ ಮುಂದೆ ಹೋಗಲಾರದೆ ನಿಂತಾಗ ಬರುವ ಸಂದೇಶ): ರೂಟ್ ಫೈಲ್‌ಸಿಸ್ಟಂ ಮೌಂಟ್ ಮಾಡಲಾಗಲಿಲ್ಲ, ಅನ್‌ನೋನ್-ಬ್ಲಾಕ್, ಆವರಣದಲ್ಲಿ 0,0.

ಆ ಎರಡು ಸಂಖ್ಯೆಗಳನ್ನು ಓದುವುದು ತುಂಬ ಮುಖ್ಯ. 0,0 ಅಂದರೆ ಕೇಳಿದ ಡಿಸ್ಕೇ ಕರ್ನಲ್‌ಗೆ ಸಿಗಲಿಲ್ಲ ಅಂತ. ಅದರ ಬದಲು 259 ಅಂತ ಶುರುವಾಗುವ ಜೋಡಿ ಇದ್ದರೆ ಎನ್‌ವಿಎಂಇ ಪಾರ್ಟಿಷನ್ ಸಿಕ್ಕಿದೆ, ಅದರ ಮೇಲಿನ ಫೈಲ್‌ಸಿಸ್ಟಂ ಓದಲು ಬರುತ್ತಿಲ್ಲ. ಪ್ಯಾನಿಕ್‌ನ ಸ್ವಲ್ಪ ಮೇಲೆ ಕರ್ನಲ್ ತನಗೆ ಕಂಡ ಪಾರ್ಟಿಷನ್‌ಗಳ ಪಟ್ಟಿಯನ್ನೂ ಕೊಡುತ್ತದೆ. ನನ್ನಲ್ಲಿ ಆ ಪಟ್ಟಿ ಖಾಲಿ. ಡ್ರೈವರ್ ಇದೆ, ಡಿಸ್ಕ್ ಇಲ್ಲ.

ಕಾರಣ ವಿಎಂಡಿ. ಈ ತಲೆಮಾರಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ ನೇರವಾಗಿ ಪಿಸಿಐ ಬಸ್ ಮೇಲೆ ಕಾಣುವುದಿಲ್ಲ. ಇಂಟೆಲ್ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್ ಅನ್ನುವುದರ ಹಿಂದೆ ಕೂತಿರುತ್ತದೆ. ಮೊದಲು ವಿಎಂಡಿ ಡ್ರೈವರ್ ಬಂದು ತನ್ನ ಹಿಂದಿನ ಬಸ್ ಅನ್ನು ತೆರೆಯಬೇಕು, ಆಮೇಲೆ ಎನ್‌ವಿಎಂಇ ಡ್ರೈವರ್‌ಗೆ ಡಿಸ್ಕ್ ಕಾಣುತ್ತದೆ. ಆಪ್ಷನ್ ಇರುವುದು ಸ್ಟೋರೇಜ್ ಮೆನುವಿನಲ್ಲೂ ಅಲ್ಲ, ಪಿಸಿಐ ಕಂಟ್ರೋಲರ್‌ಗಳ ಮೆನುವಿನಲ್ಲಿ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿಯೂ ಮುಗಿಸಬಹುದಿತ್ತು. ಆದರೆ ಯಂತ್ರ ಹೇಗಿದೆಯೋ ಹಾಗೆ ಕರ್ನಲ್ ಹೊಂದಿಸಬೇಕು ಅನ್ನುವುದು ನನ್ನ ಹಟ. ವಿಎಂಡಿ ಒಳಗೇ ಸೇರಿಸಿದೆ, ರೂಟ್ ಸಿಕ್ಕಿತು.

ಇನಿಟ್‌ರ್ಯಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡುವವರು ಇನ್ನೆರಡು ವಿಷಯ ನೆನಪಿಟ್ಟುಕೊಳ್ಳಿ. ರೂಟ್ ಅನ್ನು ಫೈಲ್‌ಸಿಸ್ಟಂನ ಗುರುತಾದ ಯುಯುಐಡಿ ಕೊಟ್ಟು ಹೇಳಿದರೆ ಕರ್ನಲ್‌ಗೆ ಅರ್ಥವಾಗುವುದಿಲ್ಲ, ಆ ಹುಡುಕಾಟ ಇನಿಟ್‌ರ್ಯಾಮ್‌ಎಫ್‌ಎಸ್‌ನ ಕೆಲಸ. ಪಾರ್ಟಿಷನ್‌ನ ಗುರುತಾದ ಪಾರ್ಟ್‌ಯುಯುಐಡಿ ಕೊಡಬೇಕು. ಇನ್ನೊಂದು ರೂಟ್‌ವೇಟ್ ಅನ್ನುವ ಬೂಟ್ ಸೂಚನೆ. ಡಿಸ್ಕ್ ಸಿದ್ಧವಾಗುವುದು ತಡವಾದರೆ ಕಾಯಲು ಅದು ಬೇಕು. ಆದರೆ ಡ್ರೈವರ್ ಹುಡುಕುವ ಹಂತದಲ್ಲಿ ಅದನ್ನು ತೆಗೆದಿಡಿ. ಅದಿದ್ದರೆ ಪ್ಯಾನಿಕ್ ಬರುವುದೇ ಇಲ್ಲ, ಪಾರ್ಟಿಷನ್ ಪಟ್ಟಿಯೂ ಕಾಣುವುದಿಲ್ಲ, ಸುಮ್ನೆ ಕಾಯುತ್ತಾ ಕೂತಿರುತ್ತದೆ.

ಫರ್ಮ್‌ವೇರ್

ಎಲ್ಲವನ್ನೂ ಕರ್ನಲ್ ಒಳಗೇ ಹಾಕಿಬಿಡೋಣ ಅಂತ ಆಸೆ ಯಾರಿಗಾದರೂ ಬರುತ್ತದೆ. ಫರ್ಮ್‌ವೇರ್ (ಸಾಧನದ ಒಳಗೇ ಓಡುವ ಪ್ರೋಗ್ರಾಂ) ಅದಕ್ಕೆ ಬಿಡುವುದಿಲ್ಲ. ಒಳಗಿರುವ ಡ್ರೈವರ್ ರೂಟ್ ಮೌಂಟ್ ಆಗುವ ಮೊದಲೇ ಎದ್ದು ತನ್ನ ಫರ್ಮ್‌ವೇರ್ ಕೇಳುತ್ತದೆ. ಫೈಲ್ ಇರುವುದು ಡಿಸ್ಕ್‌ನಲ್ಲಿ, ಡಿಸ್ಕ್ ಇನ್ನೂ ಬಂದಿಲ್ಲ. ಆಗ ಡಿಮೆಸೆಜ್‌ನಲ್ಲಿ (ಕರ್ನಲ್ ಸಂದೇಶಗಳ ದಾಖಲೆ) ಎರರ್ -2 ಬರುತ್ತದೆ, ಅಂದರೆ ಫೈಲ್ ಇಲ್ಲ ಅಂತ.

ವೈಫೈನಲ್ಲಾದರೆ ಇದು ಕೂಡಲೇ ಗೊತ್ತಾಗುತ್ತದೆ, ನೆಟ್‌ವರ್ಕ್ ಇರುವುದಿಲ್ಲ. ಐ915ನಲ್ಲಿ ಹಾಗಲ್ಲ. ಡಿಸ್‌ಪ್ಲೇಯ ಪವರ್ ನೋಡಿಕೊಳ್ಳುವ ಅದರ ಡಿಎಂಸಿ ಫರ್ಮ್‌ವೇರ್ ಸಿಗದಿದ್ದರೂ ಸ್ಕ್ರೀನ್ ಚೆನ್ನಾಗಿಯೇ ಬರುತ್ತದೆ. ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ನಿಲ್ಲಿಸುತ್ತಿದ್ದೇನೆ ಅಂತ ಒಂದು ಸಾಲು ಬರೆದು ಡ್ರೈವರ್ ಮುಂದೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣದು, ಬ್ಯಾಟರಿ ಮಾತ್ರ ಜಾಸ್ತಿ ಖರ್ಚಾಗುತ್ತದೆ. ಇಂಥ ಸದ್ದಿಲ್ಲದ ತೊಂದರೆಗಳಿಗಾಗಿಯೇ ಪ್ರತಿ ಹೊಸ ಕರ್ನಲ್‌ನ ಡಿಮೆಸೆಜ್ ಅನ್ನು ಡಿಸ್ಟ್ರೊ ಕರ್ನಲ್‌ನದರ ಪಕ್ಕ ಇಟ್ಟು ಓದುತ್ತೇನೆ.

ಹಾಗಾಗಿ ನನ್ನ ನಿಯಮ ಇದು: ಪವರ್ ಆನ್‌ನಿಂದ ರೂಟ್ ಮೌಂಟ್‌ವರೆಗೆ ಬೇಕಾದದ್ದು ಒಳಗೆ, ಮಿಕ್ಕಿದ್ದೆಲ್ಲ ಮಾಡ್ಯೂಲ್. ಐ915, ವೈಫೈನ ಐಡಬ್ಲ್ಯುಎಲ್‌ವೈಫೈ, ಅದರ ಜೊತೆ ಬೇಕಾದ ಎಂವಿಎಂ, ಸಿಎಫ್‌ಜಿ80211, ಬ್ಲೂಟೂತ್, ಎಲ್ಲ ಮಾಡ್ಯೂಲ್.

ಒಂದೇ ಒಂದು ಫರ್ಮ್‌ವೇರ್ ಮಾತ್ರ ಒಳಗೆ ಹೋಗಿದೆ: ಪ್ರೊಸೆಸರ್ ಮೈಕ್ರೊಕೋಡ್, ಅಂದರೆ ಪ್ರೊಸೆಸರ್‌ನ ಒಳಗಿನ ತಪ್ಪುಗಳಿಗೆ ತಿದ್ದುಪಡಿ. ಅದು ಬೂಟ್‌ನ ಶುರುವಿನಲ್ಲೇ ಲೋಡ್ ಆಗಬೇಕು. ಸಾಮಾನ್ಯವಾಗಿ ಇನಿಟ್‌ರ್ಯಾಮ್‌ಎಫ್‌ಎಸ್ ಜೊತೆ ಬರುತ್ತದೆ, ನನ್ನಲ್ಲಿ ಅದಿಲ್ಲ. ಯಾವ ಫೈಲ್ ಅಂತ ತಿಳಿಯಲು ಪ್ರೊಸೆಸರ್ ವಿವರ ಕೊಡುವ ಸಿಪಿಯುಇನ್ಫೋ ಫೈಲ್ ನೋಡಬೇಕು. ನನ್ನದರಲ್ಲಿ ಫ್ಯಾಮಿಲಿ 6, ಮಾಡೆಲ್ 140, ಸ್ಟೆಪಿಂಗ್ 1. ಮೂರನ್ನೂ ಹೆಕ್ಸ್‌ಗೆ ತಿರುಗಿಸಿದರೆ 06-8ಸಿ-01. ಫೈಲ್ ಹೆಸರು ಅದೇ. ಎಕ್ಸ್‌ಟ್ರಾ ಫರ್ಮ್‌ವೇರ್ ಅನ್ನುವ ಆಪ್ಷನ್‌ನಲ್ಲಿ ಅದನ್ನು ಬರೆದರೆ ಕರ್ನಲ್ ಇಮೇಜ್ ಒಳಗೇ ಸೇರುತ್ತದೆ. ಡಿಸ್ಟ್ರೊಗಳು ಫರ್ಮ್‌ವೇರ್ ಫೈಲ್‌ಗಳನ್ನು ಕಂಪ್ರೆಸ್ ಮಾಡಿ ಇಟ್ಟಿರುತ್ತವೆ. ಒಳಗೆ ಸೇರಿಸುವುದಕ್ಕೆ ಬಿಚ್ಚಿದ ಫೈಲೇ ಬೇಕು, ಇದನ್ನು ಗಮನಿಸಿ.

ಟಚ್‌ಪ್ಯಾಡ್

ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಟಚ್‌ಪ್ಯಾಡ್. ಯುಎಸ್‌ಬಿ ಮೌಸ್ ಆಗಿದ್ದರೆ ಎಚ್‌ಐಡಿ (ಮೌಸ್, ಕೀಬೋರ್ಡ್‌ಗಳ ಸಾಮಾನ್ಯ ಭಾಷೆ) ಡ್ರೈವರ್ ಹಾಕಿದರೆ ಮುಗಿಯಿತು. ಇದು ಐ2ಸಿ ಅನ್ನುವ ಎರಡು ತಂತಿಯ ಬಸ್ ಮೇಲೆ ಕೂತ ಎಚ್‌ಐಡಿ ಸಾಧನ. ಯಂತ್ರದಲ್ಲಿ ಏನೇನಿದೆ ಅಂತ ಯುಇಎಫ್‌ಐ ಕರ್ನಲ್‌ಗೆ ಕೊಡುವ ಎಸಿಪಿಐ ಟೇಬಲ್‌ನಲ್ಲಿ ಪಿಎನ್‌ಪಿ0ಸಿ50 ಅನ್ನುವ ಗುರುತು ಇದ್ದರೆ ಅದು ಈ ಜಾತಿಯದು ಅಂತ ಅರ್ಥ.

ಮೊದಲು ಐ2ಸಿ-ಎಚ್‌ಐಡಿ ಎಸಿಪಿಐ ಡ್ರೈವರ್, ಜೊತೆಗೆ ಮಲ್ಟಿಟಚ್ ಹಾಕಿದೆ. ಡ್ರೈವರ್ ಲೋಡ್ ಆಯಿತು, ಟಚ್‌ಪ್ಯಾಡ್ ಅಲ್ಲಾಡಲಿಲ್ಲ. ಸಾಧನಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಐ2ಸಿ ಬಸ್ ಕೆಳಗೆ ಟಚ್‌ಪ್ಯಾಡ್‌ನ ಸುಳಿವೇ ಇಲ್ಲ. ಅದು ಕೂತಿರುವ ಬಸ್ಸೇ ಎದ್ದಿಲ್ಲ ಅಂತ ಆಯಿತು ಅಲ್ವಾ?

ಪಿಸಿಐ ಪಟ್ಟಿಗೆ ವಾಪಸ್. ಅಲ್ಲಿ ಇಂಟೆಲ್‌ನ ಸೀರಿಯಲ್ ಬಸ್ ಕಂಟ್ರೋಲರ್‌ಗಳು ಡ್ರೈವರ್ ಇಲ್ಲದೆ ನಿಂತಿದ್ದವು. ಅವನ್ನು ನಡೆಸುವುದು ಎಲ್‌ಪಿಎಸ್‌ಎಸ್ ಅನ್ನುವ ಡ್ರೈವರ್. ಅದೂ ಐ2ಸಿ ಮೆನುವಿನಲ್ಲಿಲ್ಲ, ಮಲ್ಟಿಫಂಕ್ಷನ್ ಡಿವೈಸ್ ಮೆನುವಿನಲ್ಲಿದೆ. ಒಂದೇ ಪಿಸಿಐ ಸಾಧನವನ್ನು ಅದು ಐ2ಸಿ ಒಂದು, ಡಿಎಂಎ ಒಂದು ಅಂತ ಬಿಡಿಸಿ ಕೊಡುತ್ತದೆ. ಆ ಐ2ಸಿ ಭಾಗವನ್ನು ನಡೆಸಲು ಡಿಸೈನ್‌ವೇರ್ ಪ್ಲಾಟ್‌ಫಾರ್ಮ್ ಅನ್ನುವ ಇನ್ನೊಂದು ಡ್ರೈವರ್. ಎರಡನ್ನೂ ಹಾಕಿದ ಮೇಲೆ ಬಸ್ ಎದ್ದಿತು, ಟಚ್‌ಪ್ಯಾಡ್‌ನ ಹೆಸರು ಅದರ ಕೆಳಗೆ ಕಾಣಿಸಿತು. ಆದರೂ ಕರ್ಸರ್ ಕದಲಲಿಲ್ಲ.

ಇಲ್ಲಿ ದಾರಿ ತೋರಿಸಿದ್ದು, ಕರ್ನಲ್‌ನ ಒಳಗಿನ ಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನ ಡಿವೈಸಸ್_ಡಿಫರ್ಡ್ ಫೈಲ್. ಡ್ರೈವರ್ ಸಿಕ್ಕಿಯೂ ಇನ್ನೇನಕ್ಕೋ ಕಾಯುತ್ತಾ ನಿಂತ ಸಾಧನಗಳ ಪಟ್ಟಿ ಅದು. ಟಚ್‌ಪ್ಯಾಡ್ ಆ ಪಟ್ಟಿಯಲ್ಲಿತ್ತು. ಬೆರಳು ಇಟ್ಟಾಗ "ನನ್ನನ್ನು ಓದು" ಅಂತ ಪ್ರೊಸೆಸರ್‌ಗೆ ಹೇಳಲು ಟಚ್‌ಪ್ಯಾಡ್‌ಗೆ ಒಂದು ಇಂಟರಪ್ಟ್ ತಂತಿ ಬೇಕು. ಈ ಯಂತ್ರದಲ್ಲಿ ಆ ತಂತಿ ಹೋಗುವುದು ಚಿಪ್‌ಸೆಟ್‌ನ ಒಂದು ಜಿಪಿಐಒ (ಯಾವ ಕೆಲಸಕ್ಕಾದರೂ ಹೊಂದಿಸಬಹುದಾದ) ಪಿನ್‌ಗೆ. ಆ ಪಿನ್‌ಗಳನ್ನು ನೋಡಿಕೊಳ್ಳುವ ಡ್ರೈವರ್ ಇಲ್ಲದಿದ್ದರೆ ಇಂಟರಪ್ಟ್ ಸಂಖ್ಯೆ ಸಿಗುವುದಿಲ್ಲ. ಕರ್ನಲ್ ಅದನ್ನು ದೋಷ ಅಂತ ಹೇಳದೆ, ಡ್ರೈವರ್ ಆಮೇಲೆ ಬರಬಹುದು ಅಂತ ಕಾಯುತ್ತದೆ.

ಎಸಿಪಿಐ ಸಾಧನಗಳಲ್ಲಿ ಐಎನ್‌ಟಿ34ಸಿ5 ಅಂತ ಒಂದು ಇತ್ತು. ಸೋರ್ಸ್‌ನಲ್ಲಿ ಹುಡುಕಿದರೆ ಟೈಗರ್ ಲೇಕ್ ಪಿನ್ ಕಂಟ್ರೋಲ್ ಡ್ರೈವರ್‌ನಲ್ಲಿ ಅದೇ ಗುರುತು. ಮೆನುಕಾನ್ಫಿಗ್‌ನಲ್ಲಿ ಸ್ಲ್ಯಾಶ್ ಒತ್ತಿ ಹುಡುಕಿ, ಅದು ಯಾವುದರ ಮೇಲೆ ನಿಂತಿದೆ ಅಂತ ಓದಿ, ಮೇಲಿನ ಮೆನು ತೆರೆದು ಆನ್ ಮಾಡಿದೆ. ಮುಂದಿನ ಬೂಟ್‌ನಲ್ಲಿ ಟಚ್‌ಪ್ಯಾಡ್ ಕೆಲಸ ಮಾಡಿತು. ಎರಡು ಬೆರಳಿನ ಸ್ಕ್ರಾಲ್ ಕೂಡ.

ಬೆರಳಿನಿಂದ ಕರ್ಸರ್‌ವರೆಗೆ ಎಲ್‌ಪಿಎಸ್‌ಎಸ್, ಡಿಸೈನ್‌ವೇರ್, ಪಿನ್ ಕಂಟ್ರೋಲ್, ಐ2ಸಿ-ಎಚ್‌ಐಡಿ, ಮಲ್ಟಿಟಚ್, ಇಷ್ಟೂ ಬೇಕು. ಇವುಗಳಲ್ಲಿ ಯಾವುದರ ಹೆಸರಲ್ಲೂ ಟಚ್‌ಪ್ಯಾಡ್ ಅನ್ನುವ ಪದವೇ ಇಲ್ಲ. ಕಾನ್ಫಿಗ್ ಸಹಾಯಪುಟಗಳು ಒಂದೊಂದು ಆಪ್ಷನ್ ಬಗ್ಗೆ ಚೆನ್ನಾಗಿ ಹೇಳುತ್ತವೆ, ಆದರೆ ಇವೆಲ್ಲ ಸೇರಿ ಒಂದು ಸಾಧನ ಅಂತ ಎಲ್ಲೂ ಬರೆದಿರುವುದಿಲ್ಲ. ಸಾಧನ ಕೂತಿರುವ ಬಸ್ ಯಾವುದು, ಆ ಬಸ್ ಯಾರ ಮೇಲೆ ಕೂತಿದೆ, ಇಂಟರಪ್ಟ್ ಯಾವ ದಾರಿಯಲ್ಲಿ ಬರುತ್ತದೆ ಅಂತ ಕೇಳುತ್ತಾ ಹೋಗುವುದೇ ದಾರಿ. ಈಗ ಯಾವ ಸಾಧನಕ್ಕಾದರೂ ನಾನು ಆ ಮೂರು ಪ್ರಶ್ನೆಗಳಿಂದಲೇ ಶುರು ಮಾಡುತ್ತೇನೆ.

ಸೌಂಡ್

ಇದು ಬೇಗ ಮುಗಿಯಿತು. ಲ್ಯಾಪ್‌ಟಾಪ್‌ನ ಒಳಗಿನ ಡಿಜಿಟಲ್ ಮೈಕ್ ಪ್ರೊಸೆಸರ್‌ನ ಡಿಎಸ್‌ಪಿಗೆ (ಧ್ವನಿ ಸಂಸ್ಕರಿಸುವ ಭಾಗ) ಸೇರಿದೆ, ಹಾಗಾಗಿ ಹಳೆಯ ಎಚ್‌ಡಿಎ ಡ್ರೈವರ್ ಒಂದೇ ಸಾಲದು. ಸೌಂಡ್ ಓಪನ್ ಫರ್ಮ್‌ವೇರ್‌ನ ಟೈಗರ್ ಲೇಕ್ ಆಪ್ಷನ್, ರಿಯಲ್‌ಟೆಕ್ ಕೋಡೆಕ್ (ಧ್ವನಿಯ ಚಿಪ್) ಡ್ರೈವರ್, ಎಲ್ಲ ಮಾಡ್ಯೂಲ್. ಈ ಫರ್ಮ್‌ವೇರ್ ಬೇರೆ ಪ್ಯಾಕೇಜ್‌ನಲ್ಲಿ ಬರುತ್ತದೆ, ಅದು ಮೊದಲೇ ಇತ್ತು.

ಸ್ಲೀಪ್

ಈಗ ಕೈಯಲ್ಲಿರುವ ಕೆಲಸ ಇದು. ಮುಚ್ಚಳ ಮುಚ್ಚಿದರೆ ಸ್ಲೀಪ್ ಆಗುತ್ತದೆ, ತೆರೆದರೆ ಏಳುತ್ತದೆ. ಆದರೆ ಮಲಗಿದ್ದಾಗಲೂ ಬ್ಯಾಟರಿ ಇಳಿಯುತ್ತಿತ್ತು. ಈ ಯಂತ್ರದಲ್ಲಿ ಇರುವುದು ಎಸ್2ಐಡಲ್ ಅನ್ನುವ ಬಗೆಯ ಸ್ಲೀಪ್ ಮಾತ್ರ. ಅದರಲ್ಲಿ ಪ್ರತಿ ಸಾಧನವೂ ತನ್ನ ಕಡಿಮೆ ಪವರ್ ಸ್ಥಿತಿಗೆ ಹೋದರೆ ಮಾತ್ರ ಇಡೀ ಚಿಪ್ ಎಸ್0ಐಎಕ್ಸ್ ಅನ್ನುವ ಆಳದ ಸ್ಥಿತಿಗೆ ಇಳಿಯುತ್ತದೆ. ಚಿಪ್‌ನ ಪವರ್ ನಿಯಂತ್ರಕಕ್ಕಿರುವ ಇಂಟೆಲ್ ಪಿಎಂಸಿ ಕೋರ್ ಡ್ರೈವರ್ ಹಾಕಿದರೆ, ಆ ಸ್ಥಿತಿಯಲ್ಲಿ ಎಷ್ಟು ಮೈಕ್ರೊಸೆಕೆಂಡ್ ಇತ್ತು ಅಂತ ಎಣಿಸುವ ಫೈಲ್ ಡೀಬಗ್‌ಎಫ್‌ಎಸ್‌ನಲ್ಲಿ ಸಿಗುತ್ತದೆ. ಸ್ಲೀಪ್‌ಗೆ ಮೊದಲೂ ಸೊನ್ನೆ, ಎದ್ದ ಮೇಲೂ ಸೊನ್ನೆ.

ಬಳಸದ ಸಾಧನಕ್ಕೆ ಡ್ರೈವರ್ ಬೇಡ ಅನ್ನುವುದು ಕರ್ನಲ್ ಸಣ್ಣದು ಮಾಡುವವರ ಸಾಮಾನ್ಯ ಮಾತು. ಅದು ಇಲ್ಲಿ ನಿಲ್ಲುವುದಿಲ್ಲ. ಡ್ರೈವರ್ ಇಲ್ಲದ ಪಿಸಿಐ ಸಾಧನ ಆಫ್ ಆಗಿರುವುದಿಲ್ಲ. ಸ್ಲೀಪ್ ಹೊತ್ತಿಗೆ ಅದನ್ನು ಡಿ3ಗೆ (ಆಳ ನಿದ್ದೆಯ ಸ್ಥಿತಿ) ಕಳಿಸುವವರು ಯಾರೂ ಇರುವುದಿಲ್ಲ, ಪೂರ್ತಿ ಎಚ್ಚರವಾಗಿ ಡಿ0ನಲ್ಲೇ ಉಳಿಯುತ್ತದೆ. ನನ್ನ ಪಟ್ಟಿಯಲ್ಲಿ ಅಂಥವು ಎರಡು ಉಳಿದಿದ್ದವು: ಯುಎಸ್‌ಬಿ4 ಕಂಟ್ರೋಲರ್, ಕಾರ್ಡ್ ರೀಡರ್. ನಾನು ಎರಡನ್ನೂ ಬಳಸುವುದಿಲ್ಲ. ಎರಡಕ್ಕೂ ಮಾಡ್ಯೂಲ್ ಸೇರಿಸಿದ ಮೇಲೆ ಎಣಿಕೆ ಮೊದಲ ಸಲ ಸೊನ್ನೆ ಬಿಟ್ಟು ಏರಿತು.

ಆದರೆ ಮಲಗಿದ್ದ ಪೂರ್ತಿ ಹೊತ್ತಿಗೆ ಎಷ್ಟು ಬರಬೇಕೋ ಅಷ್ಟು ಬರುತ್ತಿಲ್ಲ, ಅದರ ಒಂದು ಭಾಗ ಮಾತ್ರ. ಪಿಎಂಸಿ ಕೋರ್‌ನದೇ ಎಲ್‌ಟಿಆರ್_ಶೋ ಅನ್ನುವ ಇನ್ನೊಂದು ಫೈಲ್ ಇದೆ. ಚಿಪ್‌ನ ಯಾವ ಭಾಗ ಎಷ್ಟು ತಡ ಸಹಿಸುತ್ತೇನೆ ಅಂತ ಹೇಳುತ್ತಿದೆ ಅನ್ನುವುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ತೀರ ಕಡಿಮೆ ಸಂಖ್ಯೆ ಹಿಡಿದು ಕೂತಿರುವ ಸಾಲು ಯಾವುದೋ, ತಡೆ ಅಲ್ಲಿರುವ ಸಾಧ್ಯತೆ ಹೆಚ್ಚು. ಡಿಸ್ಟ್ರೊ ಕರ್ನಲ್‌ನಲ್ಲಿ ಅದೇ ಫೈಲ್ ತೆಗೆದಿಟ್ಟುಕೊಂಡಿದ್ದೇನೆ. ಮುಂದಿನ ಕಮಿಟ್‌ಗೆ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಬೇಕು. ನನ್ನ ಅನುಮಾನ ಸದ್ಯಕ್ಕೆ ವಿಎಂಡಿ ಹಿಂದಿರುವ ಡಿಸ್ಕ್ ಮೇಲಿದೆ.