11 ತಾರಸಿ, ಒಂದೇ ಆರ್ಡರ್: ನಮ್ಮ ಬೀದಿಯ ಸೋಲಾರ್ ಕೆಲಸ ಎಲ್ಲಿಗೆ ಬಂತು

ಜೂನ್ 2025

ಮೈಸೂರಿನ ನಮ್ಮ ಬಡಾವಣೆಯಲ್ಲಿ ಬಿಸಿನೀರಿನ ಸೋಲಾರ್ ಇಲ್ಲದ ತಾರಸಿ ಹುಡುಕಿದರೂ ಸಿಗುವುದಿಲ್ಲ. ಕರೆಂಟಿನ ಸೋಲಾರ್ ಮಾತ್ರ ನಮ್ಮ ಬೀದಿಯಲ್ಲಿ ಒಂದೂ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ತಾರಸಿ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಎಷ್ಟೋ ಜನ ಕೊಟೇಶನ್ ತರಿಸಿದ್ದರು. ಅದರಲ್ಲಿ ಬರೆದದ್ದು ತಲೆಬುಡ ಅರ್ಥವಾಗದೆ ಎತ್ತಿಟ್ಟಿದ್ದರು. ಎದುರುಮನೆ ಮೇಷ್ಟ್ರು ತಮ್ಮದನ್ನು ತಂದು ನನ್ನದರ ಪಕ್ಕ ಇಟ್ಟಾಗ ಗೊತ್ತಾಯಿತು: ಕಂಪನಿ ಒಂದೇ, 3 ಕಿಲೋವ್ಯಾಟೂ ಒಂದೇ. ಅವರಿಗೆ ಹೇಳಿದ್ದು 2,05,000, ನನಗೆ 1,94,000. ಎಲ್ಲರೂ ಒಟ್ಟಿಗೆ ಕೇಳಿದರೆ ಹೇಗೆ ಎಂಬ ಮಾತು ಅಲ್ಲೇ ಹುಟ್ಟಿತು.

ಈ ದಾರಿ ಹೊಸದೇನಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಆಗ್ನೇಯ ಭಾಗದ ನಿವಾಸಿಗಳು 2009ರಲ್ಲೇ ಅಕ್ಕಪಕ್ಕದವರೆಲ್ಲ ಸೇರಿ, ಒಬ್ಬನೇ ಗುತ್ತಿಗೆದಾರನನ್ನು ಆರಿಸಿ ಸೋಲಾರ್ ಹಾಕಿಸಿಕೊಂಡಿದ್ದರು. ನಮ್ಮಲ್ಲಿ ಗಣಪತಿ ಕೂರಿಸುವ ಸಮಿತಿ ಹೇಗೂ ಇತ್ತು, ಅದರ ವಾಟ್ಸ್ಆ್ಯಪ್ ಗುಂಪೇ ಸಾಕಾಯಿತು.

ಮೇಷ್ಟ್ರ ಮನೆಯ ಪೋರ್ಟಿಕೋದಲ್ಲಿ ನಡೆದ ಮೊದಲ ಸಭೆಗೆ 19 ಮನೆಯವರು ಬಂದರು. ಒಂದು ವರ್ಷದ ಕರೆಂಟ್ ಬಿಲ್ ಜೊತೆಗೆ ತನ್ನಿ ಎಂದು ಮೊದಲೇ ಹೇಳಿದ್ದೆವು. ಇಡೀ ಕೆಲಸದಲ್ಲಿ ಅದಕ್ಕಿಂತ ಮುಖ್ಯವಾದ ಕಾಗದ ಇಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಲಕ್ಷ ಸುರಿದು ಪ್ಯಾನೆಲ್ ಹಾಕಿಸಿ ಎನ್ನುವುದು ನ್ಯಾಯವಲ್ಲ. "ನಂಗೆ ಬಿಲ್ಲೇ ಬರಲ್ವಲ್ಲಪ್ಪ, ನಾನ್ಯಾಕೆ ಹಾಕಿಸ್ಲಿ?" ಎಂದು ಮೂಲೆಮನೆ ಅಜ್ಜಿ ಕೇಳಿದರು. "ನಿಮಗೆ ಬೇಡ ಅಜ್ಜಿ" ಎಂದೇ ಹೇಳಿದೆವು. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಏಸಿ, ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಸ್ಕೂಟರ್ ಇರುವ ಮನೆಗಳು ಬೇಸಿಗೆಯಲ್ಲಿ 300–350 ಮುಟ್ಟುತ್ತವೆ. ಅಂಥ 11 ಮನೆ ಉಳಿದವು.

ಸೇರಿ ಕೊಳ್ಳುವುದು ಎಂದರೆ ಎಲ್ಲರಿಗೂ ಸೇರಿ ಒಂದೇ ಘಟಕ ಎಂದು ಕೆಲವರು ತಿಳಿದಿದ್ದರು. ಹಾಗಲ್ಲ. ಅರ್ಜಿ, ಆರ್.ಆರ್. ನಂಬರು (ಬಿಲ್ಲಿನ ಮೇಲಿರುವ ಕರೆಂಟ್ ಸಂಪರ್ಕದ ಸಂಖ್ಯೆ), ಮೀಟರು ಎಲ್ಲ ಅವರವರದೇ. ಸಬ್ಸಿಡಿಯೂ ಅವರವರ ಬ್ಯಾಂಕ್ ಖಾತೆಗೇ ಬರುತ್ತದೆ: ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ನಾವು ಕೂಡಿ ಮಾಡಬೇಕಾದ್ದು ಮೂರು ಕೆಲಸ: ದರ ಮಾತಾಡುವುದು, ಷರತ್ತು ಹಾಕುವುದು, ಬಂದ ಮಾಲು ನೋಡಿ ತೆಗೆದುಕೊಳ್ಳುವುದು.

ಜುಲೈ

ಈ ತಿಂಗಳೆಲ್ಲ ನೆರಳಿನ ಹಿಂದೆ ಹೋಯಿತು. ಸರ್ವೇಗೆ ಬಂದ ಹುಡುಗ ಮಟಮಟ ಮಧ್ಯಾಹ್ನ ಒಂದು ತಾರಸಿಯಲ್ಲಿ ನಿಂತು, "ಇಲ್ಲಿ ನೆರಳೇ ಬೀಳಲ್ಲ ಸಾರ್" ಎಂದ. ಆ ಹೊತ್ತಿಗೆ ಅದು ನಿಜವೇ. ಮೈಸೂರು ಇರುವುದು 12 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಜುಲೈನಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಗೇಣುದ್ದ ಬೀಳುತ್ತದೆ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ವಾಲಿ, ನಡುಹಗಲಲ್ಲೂ ಸುಮಾರು 54 ಡಿಗ್ರಿ ಎತ್ತರದಲ್ಲೇ ಉಳಿಯುತ್ತಾನೆ. ಆಗ 8 ಅಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ಉತ್ತರಕ್ಕೆ ಹತ್ತಿರ ಹತ್ತಿರ 6 ಅಡಿ ಚಾಚುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ. ನಮ್ಮ ಬಿಸಿಲಿನ ಒಳ್ಳೆಯ ತಿಂಗಳುಗಳೋ, ಮಳೆ ಮುಗಿದ ಮೇಲಿನವು. ಹಾಗಾಗಿ ಪ್ರತಿ ತಾರಸಿಯಲ್ಲೂ ಟ್ಯಾಂಕು, ಮೆಟ್ಟಿಲಿನ ಹೆಡ್‌ರೂಮು, ಪ್ಯಾರಾಪೆಟ್ ಎಲ್ಲದರ ಎತ್ತರ ಟೇಪಿನಲ್ಲಿ ಅಳೆದು, ಡಿಸೆಂಬರ್ ನೆರಳನ್ನು ಲೆಕ್ಕ ಹಾಕಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದೆವು. ಗೆರೆಯ ಆಚೆ ಉಳಿದ ಜಾಗವೇ ಪ್ಯಾನೆಲ್‌ನ ಜಾಗ.

ಇಷ್ಟು ಹಠ ಯಾಕೆಂದರೆ, ಪ್ಯಾನೆಲ್‌ಗಳು ಒಂದರ ಬಾಲಕ್ಕೊಂದು ಜೋಡಿಸಿದ ಸಾಲು. ಒಂದರ ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಇಳಿಯುತ್ತದೆ. ಎರಡು ಮನೆಯಲ್ಲಿ ದಕ್ಷಿಣದ ಒಳ್ಳೆಯ ಜಾಗವನ್ನೆಲ್ಲ ಹಳೆಯ ವಾಟರ್ ಹೀಟರ್ ಹಿಡಿದಿತ್ತು. ಅದನ್ನು ಹೆಡ್‌ರೂಮಿನ ಮೇಲಕ್ಕೆ ಏರಿಸಿದೆವು. ಇನ್ನೆರಡು ಮನೆಗೆ ಪಕ್ಕದ ಸೈಟಿನ ತೆಂಗಿನ ಮರ ಅಡ್ಡ. ಮರ ಕಡಿಸುವ ಮಾತೇ ಬೇಡ ಎಂದು 3ರ ಬದಲು 2 ಕಿಲೋವ್ಯಾಟ್‌ಗೆ ಒಪ್ಪಿದರು. ಅದು ಸರಿಯಾದ ತೀರ್ಮಾನ.

ಆಗಸ್ಟ್

ನಾಲ್ಕು ಕಡೆಯಿಂದ ಕೊಟೇಶನ್ ಬಂತು. ಕಡಿಮೆ ದರದ್ದನ್ನು ಕಣ್ಣುಮುಚ್ಚಿ ಆರಿಸಲಿಲ್ಲ. ಅದರಲ್ಲಿ ಪ್ಯಾನೆಲ್ ಕೂರಿಸುವ ಸ್ಟ್ರಕ್ಚರ್ ದಪ್ಪ ಎಷ್ಟು, ಅರ್ತಿಂಗ್ ಎಷ್ಟು ಕಡೆ ಎಂದು ಬರೆದೇ ಇರಲಿಲ್ಲ. ನಮ್ಮ ಷರತ್ತುಗಳನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದು ನಾಲ್ವರಿಗೂ ಕೊಟ್ಟೆವು. ಸಬ್ಸಿಡಿಗೆ ಬೇಕಾದ ದೇಶೀಯ ಸೆಲ್‌ಗಳ ಪ್ಯಾನೆಲ್ ಆಗಿರಬೇಕು. ಸಿಡಿಲಿಗೆ, ಪ್ಯಾನೆಲ್‌ನಿಂದ ಬರುವ ಡಿಸಿ ಕರೆಂಟಿಗೆ, ಮನೆಗೆ ಹೋಗುವ ಏಸಿ ಕರೆಂಟಿಗೆ ಬೇರೆ ಬೇರೆ ಅರ್ತಿಂಗ್ ಗುಂಡಿ ತೋಡಬೇಕು. ಆ ಡಿಸಿಯನ್ನು ಏಸಿಗೆ ತಿರುಗಿಸುವ ಇನ್ವರ್ಟರ್ ಕೆಟ್ಟರೆ ಎಷ್ಟು ದಿನದೊಳಗೆ ಬರುತ್ತೀರಿ ಎಂದು ಬರೆದುಕೊಡಬೇಕು. ಕೊನೆಯ ಕಂತು, ಮನೆಗೆ ಬಂದ ಕರೆಂಟನ್ನೂ ಲೈನಿಗೆ ಹೋದ ಕರೆಂಟನ್ನೂ ಅಳೆಯುವ ನೆಟ್ ಮೀಟರ್ ಓಡಿದ ಮೇಲೆಯೇ. ಒಬ್ಬರೇ ಹೋಗಿ ಕೇಳಿದ್ದರೆ ಈ ಕೊನೆಯ ಮಾತಿಗೆ ಯಾರೂ ಒಪ್ಪುತ್ತಿರಲಿಲ್ಲ. 11 ಮನೆಯ ಕೆಲಸ ಕೈತಪ್ಪುತ್ತದೆ ಎಂದಾಗ ಇಬ್ಬರು ಒಪ್ಪಿದರು. ಗಣಪತಿ ಬಿಟ್ಟ ಮಾರನೇ ವಾರ ಅವರಲ್ಲಿ ಒಬ್ಬರೊಂದಿಗೆ 3 ಕಿಲೋವ್ಯಾಟ್‌ಗೆ 1,80,000 ಎಂದು ಮಾತಾಯಿತು. ದರ ಇಳಿದದ್ದು ಸಂತೋಷವೇ, ಆದರೆ ನನಗೆ ಹೆಚ್ಚು ಬೆಲೆಬಾಳುವುದು ಆ ಷರತ್ತಿನ ಹಾಳೆ.

ಸೆಪ್ಟೆಂಬರ್

ಮುಂಗಡ ಕೊಡುವ ಮೊದಲೇ, ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯುತ್ತದೆ ಎಂಬ ಸುದ್ದಿ ಬಂತು. ಜಾರಿಗೆ ಬಂದದ್ದು ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಅಲ್ಲಿಯವರೆಗೆ ಕಾದು, ಹೊಸ ತೆರಿಗೆಯ ಪ್ರಕಾರ ಬಿಲ್ ಕೇಳಿದೆವು. 3 ಕಿಲೋವ್ಯಾಟಿನ ಮನೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಉಳಿಯಿತು. ಸಬ್ಸಿಡಿ ಬಂದ ಮೇಲೆ ಕೈಯಿಂದ ಹೋಗುವುದು ಸುಮಾರು 94,000.

ಒಂದು ಮನೆಯ ಆರ್.ಆರ್. ನಂಬರ್ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲೇ ಇತ್ತು. ಅರ್ಜಿದಾರರ ಹೆಸರೂ ಬಿಲ್ಲಿನ ಹೆಸರೂ ಹೊಂದಬೇಕು. ಮನೆಯ ಖಾತೆ ಆಗಲೇ ಬದಲಾಗಿದ್ದರಿಂದ ಬಿಲ್ಲಿನ ಹೆಸರು ಬದಲಿಸುವ ಕೆಲಸ ಸಲೀಸಾಯಿತು. ನೀವೂ ಶುರುಮಾಡುವ ಮೊದಲು ನೋಡಬೇಕಾದ್ದು ಇದನ್ನೇ.

ನವೆಂಬರ್

ದಸರಾ, ದೀಪಾವಳಿ ಮುಗಿದ ಮೇಲೆ ಮಾಲು ಇಳಿಯಿತು. 3 ಕಿಲೋವ್ಯಾಟಿನ ಮನೆಗೆ 540 ವ್ಯಾಟಿನ 6 ಪ್ಯಾನೆಲ್, ಒಂದೊಂದೂ ಏಳೂವರೆ ಅಡಿ ಉದ್ದ. ಟೆಂಪೋದಿಂದ ಇಳಿಸುವಾಗಲೇ ಮೇಷ್ಟ್ರ ಮಗಳು ಪ್ರತಿ ಪ್ಯಾನೆಲ್‌ನ ಬೆನ್ನಿನ ಸೀರಿಯಲ್ ನಂಬರ್ ಫೋಟೋ ತೆಗೆದು, ಕಂಪನಿ ಕೊಟ್ಟ ಪಟ್ಟಿಯೊಂದಿಗೆ ತಾಳೆ ನೋಡಿದಳು. ಒಂದರ ಗಾಜಿನ ಅಂಚು ಚೂರು ಎದ್ದಿತ್ತು. ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಅದನ್ನು ಅಲ್ಲೇ ವಾಪಸ್ ಹೊರಿಸಿದೆವು.

ಕೆಲವರ ಮನೆಯ ಮಂಜೂರಾತಿ ಲೋಡ್ (ಮನೆ ಎಷ್ಟು ಕರೆಂಟ್ ಎಳೆಯಬಹುದು ಎಂಬ ಮಿತಿ) 1 ಕಿಲೋವ್ಯಾಟ್ ಇತ್ತು, ಸೋಲಾರ್‌ಗೆ ಹೊಂದುವಂತೆ ಈಗ ಏರಿದೆ. ಲೋಡ್ ಏರಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ, ಎಷ್ಟೇ ಕರೆಂಟ್ ಬೆಳೆದರೂ ಅದು ತಪ್ಪುವುದಿಲ್ಲ. ಕರೆಂಟ್ ಹೋದಾಗ ಈ ಸೋಲಾರ್ ಕೂಡ ನಿಲ್ಲುತ್ತದೆ ಎಂಬುದನ್ನೂ ಎಲ್ಲರಿಗೂ ಮತ್ತೆ ಮತ್ತೆ ಹೇಳಿದ್ದೇವೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೇ ಇನ್ವರ್ಟರ್ ತಾನಾಗಿಯೇ ಆಫ್ ಆಗುತ್ತದೆ. ಮನೆಯ ಹಳೇ ಯುಪಿಎಸ್ ತೆಗೆಯಬೇಡಿ.

ಜನವರಿ 2026

9 ಮನೆಯಲ್ಲಿ ನೆಟ್ ಮೀಟರ್ ಓಡುತ್ತಿದೆ. ಮೋಡವಿಲ್ಲದ ದಿನ 3 ಕಿಲೋವ್ಯಾಟ್‌ನಿಂದ 12–13 ಯೂನಿಟ್ ಬರುತ್ತಿದೆ. ಸೀಮೆಸುಣ್ಣದ ಗೆರೆ ಎಲ್ಲಿ ಎಳೆದಿದ್ದೆವೋ ಟ್ಯಾಂಕಿನ ನೆರಳು ಡಿಸೆಂಬರ್‌ನಲ್ಲಿ ಅಲ್ಲಿಗೇ ನಿಂತಿತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ತಿಂಗಳ ಲೆಕ್ಕದಲ್ಲಿ ನಾವು ಬಳಸಿದ್ದಕ್ಕಿಂತ ಹೆಚ್ಚಾಗಿ ಲೈನಿಗೆ ಹೋದ ಯೂನಿಟ್‌ಗೆ ಸಿಗುವ ದರ ನಾವು ಕಟ್ಟುವ ದರಕ್ಕಿಂತ ಬಹಳ ಕಡಿಮೆ. ಸ್ಕೂಟರ್ ಚಾರ್ಜು, ಇಸ್ತ್ರಿ, ವಾಷಿಂಗ್ ಮೆಷಿನ್ ಎಲ್ಲ ಹಗಲಿಗೆ ಬಂದಿವೆ.

ಧೂಳು ಕೂರುವ ಕಾಲ ಶುರುವಾಯಿತು. ಉದ್ದ ಕೋಲಿನ ಬ್ರಶ್ ಎರಡು ಕೊಂಡು ಬೀದಿಗೆಲ್ಲ ಇಟ್ಟಿದ್ದೇವೆ. ಬಿಸಿಲೇರುವ ಮೊದಲೇ ತೊಳೆಯಬೇಕು, ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಉಳಿದೆರಡು ಮನೆಯ ಮೀಟರ್ ಪರೀಕ್ಷೆ ಆಗಬೇಕಿದೆ, ಅಲ್ಲಿಯವರೆಗೆ ಅವರ ಕೊನೆಯ ಕಂತು ನಮ್ಮ ಕೈಯಲ್ಲೇ ಇದೆ. ಹಿಂದಿನ ಬೀದಿಯವರು ಷರತ್ತಿನ ಹಾಳೆಯ ಪ್ರತಿ ಒಯ್ದಿದ್ದಾರೆ. ಬರುವ ಭಾನುವಾರ ಅವರ ಬಿಲ್‌ಗಳನ್ನು ನೋಡಲು ಮೇಷ್ಟ್ರೂ ನಾನೂ ಹೋಗುತ್ತಿದ್ದೇವೆ.