ಬೋರ್ಡ್ ತೂಕಡಿಸುತ್ತಿತ್ತು, ನಾನು ಕೇಬಲ್ ಬದಲಾಯಿಸುತ್ತಿದ್ದೆ

ಲಿನಕ್ಸ್ ಓಡುವ ನನ್ನ ಬೋರ್ಡಿಗೆ (ಒಂದೇ ಹಲಗೆಯ ಪುಟ್ಟ ಕಂಪ್ಯೂಟರ್) ಸೀರಿಯಲ್ ಪೋರ್ಟಿನಿಂದ ಬರುವ ಡೇಟಾದಲ್ಲಿ ಆಗೊಮ್ಮೆ ಈಗೊಮ್ಮೆ ಒಂದೆರಡು ಬೈಟ್ ಮಾಯ. ಎರಡು ದಿನ ಕೇಬಲ್ ಬದಲಾಯಿಸಿದೆ, ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಇಳಿಸಿದೆ, ನನ್ನ ಕೋಡನ್ನೇ ಬೈದುಕೊಂಡೆ. ವಿಚಿತ್ರ ಏನಂದ್ರೆ, ಅದೇ ಬೋರ್ಡಿನಲ್ಲಿ ಪಕ್ಕಕ್ಕೊಂದು ಕಂಪೈಲ್ ಓಡಿಸಿದರೆ ಎಲ್ಲ ಸರಿಯಾಗಿಬಿಡುತ್ತಿತ್ತು! ಕೆಲಸ ಜಾಸ್ತಿ ಕೊಟ್ಟರೆ ತೊಂದರೆ ಹೋಗುತ್ತದೆ ಅಂದರೆ, ಸುಮ್ನೆ ಕೂತಾಗ ಪ್ರೊಸೆಸರ್ ತೂಕಡಿಸುತ್ತಿದೆ ಅಂತಲೇ ಅಲ್ವಾ?

ಲಿನಕ್ಸ್ ಕರ್ನಲ್‌ನಲ್ಲಿ ಪ್ರೊಸೆಸರಿನ ಕ್ಲಾಕ್, ಅಂದರೆ ಸ್ಪೀಡ್, ಏರಿಸಿ ಇಳಿಸುವ ಭಾಗದ ಹೆಸರು ಸಿಪಿಯುಫ್ರೀಕ್. ಎಷ್ಟಿರಬೇಕು ಅಂತ ತೀರ್ಮಾನಿಸುವುದು ಗವರ್ನರ್. ನನ್ನ ಬೋರ್ಡಿನಲ್ಲಿ ಇದ್ದದ್ದು ಆನ್‌ಡಿಮ್ಯಾಂಡ್. ಅದು ಆಗಾಗ ಲೋಡ್ ಅಳೆದು ನೋಡುತ್ತದೆ, ಜಾಸ್ತಿ ಇದ್ದರೆ ಸ್ಪೀಡ್ ಏರಿಸುತ್ತದೆ. ಆದರೆ ನನ್ನ ಡೇಟಾ ಒಮ್ಮೆಲೇ ನುಗ್ಗಿ ಬರುವಂಥದ್ದು, ಗವರ್ನರ್ ಕಣ್ಣು ಬಿಡುವಷ್ಟರಲ್ಲಿ ಬಂದ ಡೇಟಾ ಕಾಯುವ ಬಫರ್ ತುಂಬಿ ಚೆಲ್ಲಿರುತ್ತಿತ್ತು. 2016ರ 4.7 ಕರ್ನಲ್‌ನಿಂದ ಸ್ಕೆಡ್‌ಯುಟಿಲ್ ಅಂತ ಇನ್ನೊಂದಿದೆ, ಅದು ಯಾವ ಕೆಲಸ ಯಾವಾಗ ಓಡಬೇಕು ಅಂತ ನಿರ್ಧರಿಸುವ ಶೆಡ್ಯೂಲರ್‌ನಿಂದಲೇ ಲೋಡ್ ತಿಳಿದುಕೊಳ್ಳುತ್ತದೆ. ನನ್ನ ಹಳೆಯ ಕರ್ನಲ್‌ನಲ್ಲಿ ಅದು ಇರಲಿಲ್ಲ.

ನಾನೇ ಸ್ಪೀಡ್ ಹೇಳೋಣ ಅಂತ ಸಿಪಿಯುಫ್ರೀಕ್‌ನ ಸ್ಕೇಲಿಂಗ್ ಸೆಟ್‌ಸ್ಪೀಡ್ ಫೈಲ್ ತೆರೆದರೆ, ಒಳಗೆ ಇದ್ದದ್ದು 'ಅನ್‌ಸಪೋರ್ಟೆಡ್' ಅನ್ನುವ ಒಂದೇ ಪದ. ಮೊದಲು ಗವರ್ನರನ್ನು ಯೂಸರ್‌ಸ್ಪೇಸ್‌ಗೆ (ಸ್ಪೀಡ್ ತೀರ್ಮಾನವನ್ನು ನಮಗೇ ಬಿಡುವ ಗವರ್ನರ್) ಬದಲಾಯಿಸದ ಹೊರತು ಅದರಲ್ಲಿ ಏನೂ ಬರೆಯಲು ಬರುವುದಿಲ್ಲ. ಬರೆಯುವ ಸಂಖ್ಯೆ ಕಿಲೋಹರ್ಟ್ಸ್‌ನಲ್ಲಿರಬೇಕು, ಅಂದರೆ 600 ಮೆಗಾಹರ್ಟ್ಸ್‌ಗೆ 600000. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಹಾಕಿ ಎಕೋದಿಂದ ಸಂಖ್ಯೆಯನ್ನು ಫೈಲಿಗೆ ಕಳಿಸಿದರೂ ಪರ್ಮಿಷನ್ ಡಿನೈಡ್ ಬರುತ್ತದೆ, ಯಾಕಂದ್ರೆ ಫೈಲ್ ತೆರೆಯುವುದು ನಿಮ್ಮ ಶೆಲ್, ಸುಡೋ ಅಲ್ಲ. ಬದಲಿಗೆ ಸುಡೋ ಜೊತೆ ಟೀ ಅನ್ನುವ ಆಜ್ಞೆ ಬಳಸಿ, ಆಗ ಫೈಲ್ ತೆರೆಯುವುದು ಅದೇ. (ಇದಕ್ಕೆ ನನ್ನದು ಅರ್ಧ ಗಂಟೆ ಹೋಯಿತು, ನಗಬೇಡಿ.)

ಆಮೇಲೆ ತಾಳ್ಮೆ ತಪ್ಪಿ, ಸದಾ ಗರಿಷ್ಠ ಸ್ಪೀಡಿನಲ್ಲಿಡುವ ಪರ್ಫಾರ್ಮೆನ್ಸ್ ಗವರ್ನರ್ ಹಾಕಿದೆ. ಬೈಟ್ ಹೋಗುವುದು ನಿಂತಿತು, ಆದರೆ ಪೆಟ್ಟಿಗೆಯೊಳಗೆ ಬೋರ್ಡ್ ಕಾದು, ಥರ್ಮಲ್ ಡ್ರೈವರ್ ತಾನೇ ಸ್ಪೀಡ್ ಇಳಿಸತೊಡಗಿತು. ಕ್ಲಾಕ್ ಏರಿದರೆ ವೋಲ್ಟೇಜ್ ಕೂಡ ಏರಬೇಕು, ಪವರ್ ಏರುವುದು ಕ್ಲಾಕ್ ಮತ್ತು ವೋಲ್ಟೇಜಿನ ವರ್ಗ ಎರಡಕ್ಕೂ ತಕ್ಕಂತೆ. ಬೀಗಲ್‌ಬೋನ್ ಬ್ಲ್ಯಾಕ್ ಅನ್ನುವ ಬೋರ್ಡಿನ ಚಿಪ್ ತೆಗೆದುಕೊಳ್ಳಿ: 300 ಮೆಗಾಹರ್ಟ್ಸ್‌ಗೆ 0.95 ವೋಲ್ಟ್ ಸಾಕು, 1000ಕ್ಕೆ 1.325 ಬೇಕು. ಸ್ಪೀಡ್ ಮೂರು ಚಿಲ್ಲರೆ ಪಟ್ಟು, ಸ್ವಿಚಿಂಗ್‌ಗೆ ಹೋಗುವ ಪವರ್ ಮಾತ್ರ ಲೆಕ್ಕದಲ್ಲಿ ಆರೂವರೆ ಪಟ್ಟು! ಈ ಸ್ಪೀಡ್-ವೋಲ್ಟೇಜ್ ಜೋಡಿಗಳೆಲ್ಲ ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ಏನೇನು ಅಂತ ಕರ್ನಲ್‌ಗೆ ಹೇಳುವ ಪಟ್ಟಿ) ಇರುತ್ತವೆ. ಏರುವಾಗ ಮೊದಲು ವೋಲ್ಟೇಜ್, ಆಮೇಲೆ ಕ್ಲಾಕ್. ಇಳಿಯುವಾಗ ಉಲ್ಟಾ. ಅದನ್ನು ಡ್ರೈವರ್ ನೋಡಿಕೊಳ್ಳುತ್ತದೆ. ಪಟ್ಟಿಯಲ್ಲಿ ಇಲ್ಲದ ಸ್ಪೀಡ್ ನೀವಾಗಿ ಸೇರಿಸಲು ಹೋದರೆ ಬೋರ್ಡ್ ಕಾರಣವಿಲ್ಲದೆ ಹ್ಯಾಂಗ್ ಆಗಬಹುದು, ಆ ಕಡೆ ಹೋಗದಿರುವುದೇ ಮೇಲು.

ಕೊನೆಗೆ ಕೆಲಸಕ್ಕೆ ಬಂದದ್ದು ತೀರಾ ಸಣ್ಣದು. ಆನ್‌ಡಿಮ್ಯಾಂಡ್ ಹಾಗೇ ಬಿಟ್ಟು, ಕನಿಷ್ಠ ಸ್ಪೀಡ್ ಹೇಳುವ ಸ್ಕೇಲಿಂಗ್ ಮಿನ್ ಫ್ರೀಕ್ ಫೈಲಿಗೆ 600000 ಬರೆದೆ. ಸುಮ್ನೆ ಇರುವಾಗಲೂ ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ, ಬೇಕಾದಾಗ ಮೇಲಕ್ಕೆ ಹೋಗಲು ಅಡ್ಡಿಯೂ ಇಲ್ಲ. ಒಂದು ರಾತ್ರಿ ಓಡಿಸಿ ಟೈಮ್ ಇನ್ ಸ್ಟೇಟ್ ಫೈಲ್ ನೋಡಿದೆ. ಯಾವ ಸ್ಪೀಡಿನಲ್ಲಿ ಎಷ್ಟು ಹೊತ್ತು ಕಳೆಯಿತು ಅಂತ ಅದು ಸಾಲುಸಾಲಾಗಿ ಲೆಕ್ಕ ಕೊಡುತ್ತದೆ. ಹೆಚ್ಚಿನ ಹೊತ್ತು 600ರಲ್ಲೇ ಇತ್ತು, ಬೈಟ್ ಒಂದೂ ಹೋಗಿರಲಿಲ್ಲ. ಬೆಳಿಗ್ಗೆ ಖುಷಿಯಲ್ಲಿ ರೀಬೂಟ್ ಮಾಡಿದೆ, ಬೈಟ್ ಮತ್ತೆ ಮಾಯ. ಈ ಫೈಲುಗಳಲ್ಲಿ ಬರೆದದ್ದು ರೀಬೂಟ್ ದಾಟಿ ಉಳಿಯುವುದಿಲ್ಲ ನೋಡಿ, ಈಗ ಆ ಒಂದು ಸಾಲು ಬೂಟ್ ಸ್ಕ್ರಿಪ್ಟಿನಲ್ಲಿದೆ.